ದೇವಾನಾಂಪ್ರಿಯ ಅಶೋಕ: ಮೌರ್ಯ ಸಾಮ್ರಾಜ್ಯದ ಏಳ್ಗೆಯೂ ಅಳಿವೂ

ಕೊಪ್ಪಳದ ಗವಿಮಠಕ್ಕೆ ನಡೆದುಕೊಳ್ಳುವ ಭಕ್ತಾದಿಗಳಲ್ಲಿ ಹಲವರು ಗವಿಸಿದ್ಧೇಶ್ವರನ ದರ್ಶನವನ್ನು ಪಡೆದು ಹಿಂದಿರುಗುವರೇ ಹೊರತು, ಅದೇ ಬೆಟ್ಟದ ಬಂಡೆಯೊಂದರ ಮೇಲಿರುವ ಶಾಸನವನ್ನು ನಿಂತು ನೋಡಿದವರು ಕಡಮೆ. ೧೯೩೧ರಲ್ಲಿ ಈ ಶಾಸನವೂ ಸಮೀಪದ ಪಾಲ್ಕಿಗುಂಡಿನ ಇನ್ನೊಂದು ಶಾಸನವೂ ವಿದ್ವಾಂಸರ ಕಣ್ಣಿಗೆ ಬಿದ್ದುವು. ಅದರ ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಅದನ್ನು ಬರೆಯಿಸಿದವನು ಕೊಪ್ಪಳದಿಂದ ನೂರಾರು ಹರದಾರಿ ದೂರದ ಪಾಟಲಿಪುತ್ರದಲ್ಲಿ ಕುಳಿತು ಆಳುತ್ತಿದ್ದ ಮೌರ್ಯ ಚಕ್ರವರ್ತಿ ಅಶೋಕ. ಗಂಗೆಯ ದಡದ ಅರಸನೊಬ್ಬನ ಮಾತು ತುಂಗಭದ್ರೆಯ ಬಯಲಿಗೆ ಹೇಗೆ ಬಂದಿತು, ಅಷ್ಟು ದೂರ ಕೈಚಾಚಿದ ರಾಜ್ಯವು ಆತನು ತೀರಿಕೊಂಡು ಐವತ್ತು ವರ್ಷಗಳು ತುಂಬುವುದರೊಳಗೆ ಹೇಗೆ ಇಲ್ಲವಾಯಿತು ಎಂಬುದನ್ನು ಆತನ ಜೀವನದ ಮೂಲಕವೇ ನೋಡುವುದು ಉಚಿತ.

ಅಶೋಕನು ಏರಿದ ಸಿಂಹಾಸನಕ್ಕೆ ಅಡಿಗಲ್ಲನ್ನಿಟ್ಟವರು ಮೌರ್ಯರಲ್ಲ, ಅವರಿಗಿಂತ ಮೊದಲಿದ್ದ ನಂದರು. ಮಗಧ ದೇಶಕ್ಕೆ ಪ್ರಕೃತಿಯು ಕೊಟ್ಟುದು ಹೇರಳ. ಬತ್ತ ಬೆಳೆಯುವ ಫಲವತ್ತಾದ ನೆಲ, ಸರಕು ಸಾಗಿಸಲು ಗಂಗೆ ಮತ್ತು ಅದರ ಉಪನದಿಗಳು, ದಕ್ಷಿಣದ ಗುಡ್ಡಗಳಲ್ಲಿ ಕಬ್ಬಿಣದ ಅದಿರು, ಕಾಡುಗಳಲ್ಲಿ ಆನೆಗಳು. ಈ ಸಂಪತ್ತನ್ನು ತೆರಿಗೆಯಾಗಿ ಹಿಂಡಿ ಭಂಡಾರ ತುಂಬಿದವರು ನಂದರು. ತುಂಬಿದ ಭಂಡಾರವನ್ನು ಸುಮಾರು ಕ್ರಿ. ಪೂ. ೩೨೧ರಲ್ಲಿ ವಶಪಡಿಸಿಕೊಂಡವನು ಅಶೋಕನ ಅಜ್ಜನಾದ ಚಂದ್ರಗುಪ್ತ. ಅಲೆಗ್ಸಾಂಡರನು ಸಿಂಧೂ ದೇಶವನ್ನು ಬಿಟ್ಟುಹೋಗಿ ಕೆಲವೇ ವರ್ಷಗಳಾಗಿದ್ದುವು. ವಾಯವ್ಯದಲ್ಲಿ ಅಧಿಕಾರವು ಒಡೆಯನಿಲ್ಲದ ಮನೆಯಂತೆ ಬಿದ್ದಿತ್ತು. ಚಂದ್ರಗುಪ್ತನು ಅದನ್ನೂ ಹಿಡಿದನು. ಅಲೆಗ್ಸಾಂಡರನ ಸೇನಾನಿಯಾಗಿದ್ದ ಸೆಲ್ಯೂಕಸನು ಆ ನಾಡನ್ನು ಮರಳಿ ಪಡೆಯಲು ಬಂದು, ಕಡೆಗೆ ಕಾಬೂಲು ಕಂದಹಾರಗಳ ಸೀಮೆಯನ್ನು ಬಿಟ್ಟುಕೊಟ್ಟು, ೫೦೦ ಆನೆಗಳನ್ನು ಪಡೆದು ಸಂಧಿ ಮಾಡಿಕೊಂಡನು. ಆತನ ರಾಯಭಾರಿಯಾದ ಮೆಗಸ್ತನೀಸನು ಪಾಟಲಿಪುತ್ರದ ಮರದ ಕೋಟೆಗೆ ೫೭೦ ಗೋಪುರಗಳೂ ೬೪ ಬಾಗಿಲುಗಳೂ ಇದ್ದುವೆಂದು ಬರೆದಿಟ್ಟನು. ದೂರದ ಊರನ್ನು ಬಣ್ಣಿಸುವವರು ಸ್ವಲ್ಪ ಹೆಚ್ಚಿಸಿ ಹೇಳುವುದುಂಟು. ಆದರೂ ಪಾಟ್ನಾದ ನೆಲವನ್ನು ಅಗೆದಾಗ ಹೂತುಹೋಗಿದ್ದ ಆ ಮರದ ಕೋಟೆಯ ದಿಮ್ಮಿಗಳು ನಿಜವಾಗಿಯೂ ದೊರೆತುವು.

ಯುದ್ಧದಿಂದ ಗೆದ್ದುದನ್ನು ಉಳಿಸಿಕೊಳ್ಳುವ ಕೆಲಸ ಬೇರೆ. ಗುಜರಾತಿನ ಗಿರಿನಗರದ ಬಳಿ ಚಂದ್ರಗುಪ್ತನ ಅಧಿಕಾರಿಯಾದ ಪುಷ್ಯಗುಪ್ತನೆಂಬ ವೈಶ್ಯನು ಸುದರ್ಶನವೆಂಬ ಕೆರೆಯನ್ನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ತುಷಾಸ್ಫನೆಂಬ ಯವನ ಅಧಿಕಾರಿಯು ಅದಕ್ಕೆ ಕಾಲುವೆಗಳನ್ನು ತೆಗೆಯಿಸಿದನು. ಸಾಮ್ರಾಜ್ಯವೆಂದರೆ ರೈತನಿಗೆ ಒಂದು ಕೈಯಿಂದ ನೀರು, ಇನ್ನೊಂದು ಕೈಯಿಂದ ತೆರಿಗೆಯ ಕರೆ. ಈ ಆಡಳಿತದ ಒಳಮರ್ಮವನ್ನು ತಿಳಿಯಲು ಪಂಡಿತರು ಕೌಟಲ್ಯನ ಅರ್ಥಶಾಸ್ತ್ರವನ್ನು ಆಶ್ರಯಿಸುವರು. ಶತಮಾನಗಳಿಂದ ಕಣ್ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಗ್ರಂಥವು ಈಗಿರುವ ರೂಪಕ್ಕೆ ಬಂದುದು ಮೌರ್ಯರ ನಂತರವೆಂದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಆದುದರಿಂದ ಅದರಲ್ಲಿ ಹೇಳಿದುದೆಲ್ಲವೂ ಅಶೋಕನ ಆಸ್ಥಾನದಲ್ಲಿ ನಡೆಯುತ್ತಿತ್ತೆಂದು ತಿಳಿಯಲಾಗದು.

ಚಂದ್ರಗುಪ್ತನು ಕಡೆಗಾಲದಲ್ಲಿ ರಾಜ್ಯವನ್ನು ತೊರೆದು ಭದ್ರಬಾಹು ಮುನಿಯೊಡನೆ ಶ್ರವಣಬೆಳಗೊಳಕ್ಕೆ ಬಂದು ದೇಹವನ್ನು ಬಿಟ್ಟನೆಂದು ಜೈನ ಪರಂಪರೆಯು ಹೇಳುತ್ತದೆ. ಆತನ ಮಗ ಬಿಂದುಸಾರ. ಈತನು ಗ್ರೀಕ್ ದೊರೆ ಆಂಟಿಯೋಕಸನಿಗೆ ಹೇಳಿಕಳುಹಿಸಿ ಸಿಹಿ ಮದ್ಯ, ಒಣಗಿದ ಅಂಜೂರ ಮತ್ತು ಒಬ್ಬ ತತ್ತ್ವಜ್ಞಾನಿಯನ್ನು ಕೊಂಡು ಕಳುಹಿಸಬೇಕೆಂದು ಕೇಳಿದನೆಂದೂ, ಮೊದಲಿನ ಎರಡನ್ನು ಕಳುಹಿಸಬಹುದು, ಜ್ಞಾನಿಯನ್ನು ಮಾರುವ ಪದ್ಧತಿ ತಮ್ಮಲ್ಲಿಲ್ಲವೆಂದು ಉತ್ತರ ಬಂದಿತೆಂದೂ ಗ್ರೀಕರ ಕಥೆಯೊಂದಿದೆ.

ಬಿಂದುಸಾರನ ಮಕ್ಕಳಲ್ಲಿ ಅಶೋಕನು ತಂದೆಯ ಮೆಚ್ಚಿನವನಾಗಿರಲಿಲ್ಲವೆಂದು ಬೌದ್ಧ ಕಥೆಗಳು ಹೇಳುತ್ತವೆ. ಮೈಬಣ್ಣ, ಚರ್ಮ ಎರಡೂ ಒರಟಾಗಿದ್ದುದರಿಂದ ತಂದೆಗೆ ಆತನನ್ನು ಕಂಡರಾಗದಂತೆ. ತಕ್ಷಶಿಲೆಯ ಜನರು ದಂಗೆಯೆದ್ದಾಗ ಅದನ್ನು ಅಡಗಿಸಲು ಇವನನ್ನೇ ಅಟ್ಟಿದರು. ಊರಿನ ಜನರು ಹೊರಬಂದು ಎದುರುಗೊಂಡು, ತಮಗೆ ಅರಸನ ಮೇಲಾಗಲಿ ಅರಸುಮಗನ ಮೇಲಾಗಲಿ ವೈರವಿಲ್ಲ, ದುಷ್ಟ ಅಮಾತ್ಯರ ಕಾಟವನ್ನು ತಾಳಲಾರದೆ ಎದ್ದೆವೆಂದು ತಿಳಿಸಿದರೆಂಬುದು ಕಥೆ. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಮೇಲೆ ಆತನು ಉಜ್ಜಯಿನಿಯ ಅಧಿಕಾರಿಯಾದನು. ಅಲ್ಲಿಗೆ ಹೋಗುವ ದಾರಿಯಲ್ಲಿ ವಿದಿಶೆಯ ವ್ಯಾಪಾರಿಯೊಬ್ಬನ ಮಗಳಾದ ದೇವಿಯನ್ನು ವರಿಸಿದನೆಂದೂ, ಮುಂದೆ ಸಿಂಹಳಕ್ಕೆ ಬುದ್ಧಧರ್ಮವನ್ನು ಒಯ್ದ ಮಹೇಂದ್ರ ಮತ್ತು ಸಂಘಮಿತ್ರೆಯರು ಆಕೆಯ ಮಕ್ಕಳೆಂದೂ ಸಿಂಹಳದ ವಂಶಚರಿತ್ರೆಗಳು ತಿಳಿಸುತ್ತವೆ.

ತಂದೆಯು ತೀರಿಕೊಂಡ ಬಳಿಕ ಪಟ್ಟಾಭಿಷೇಕಕ್ಕೆ ನಾಲ್ಕು ವರ್ಷ ತಡೆಯಾಯಿತೆಂದು ಅವೇ ಗ್ರಂಥಗಳ ಹೇಳಿಕೆ. ಅಣ್ಣತಮ್ಮಂದಿರಲ್ಲಿ ಕಾದಾಟ ನಡೆದಿರಬೇಕು. ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಂದನೆಂಬುದು ಮಾತ್ರ ನಂಬತಕ್ಕ ಮಾತಲ್ಲ. ಏಕೆಂದರೆ ಎಷ್ಟೋ ವರ್ಷಗಳ ಮೇಲೆ ಹೊರಡಿಸಿದ ಶಾಸನದಲ್ಲಿಯೇ ಆತನು ತನ್ನ ಸೋದರ ಸೋದರಿಯರ ಮನೆತನಗಳನ್ನು ನೋಡಿಕೊಳ್ಳಲು ಅಧಿಕಾರಿಗಳನ್ನು ನೇಮಿಸಿದುದನ್ನು ಹೇಳಿಕೊಂಡಿದ್ದಾನೆ. ಧರ್ಮಕ್ಕೆ ತಿರುಗಿದವನ ಹಿಂದಿನ ಬಾಳನ್ನು ಕಪ್ಪಾಗಿ ತೋರಿಸಿದಷ್ಟೂ ಮುಂದಿನ ಬಾಳು ಬೆಳ್ಳಗೆ ಕಾಣುವುದೆಂದು ಕಥೆಗಾರರು ಎಣಿಸಿದಂತಿದೆ. ಪಟ್ಟಾಭಿಷೇಕವು ನಡೆದುದು ಸುಮಾರು ಕ್ರಿ. ಪೂ. ೨೬೮ರಲ್ಲಿ.

ಅಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ, ಎಂದರೆ ಸುಮಾರು ಕ್ರಿ. ಪೂ. ೨೬೦ರಲ್ಲಿ, ಆತನು ಪೂರ್ವ ಸಮುದ್ರತೀರದ ಕಳಿಂಗವನ್ನು ಗೆದ್ದನು. ದಕ್ಷಿಣಕ್ಕೆ ಹೋಗುವ ದಾರಿಯೂ ಕಡಲ ವ್ಯಾಪಾರವೂ ಕಳಿಂಗರ ಕೈಯಲ್ಲಿದ್ದುವು. ಈ ಯುದ್ಧದ ಲೆಕ್ಕವನ್ನು ಹಗೆಗಳಲ್ಲ, ಗೆದ್ದವನೇ ಬರೆಯಿಸಿದ್ದಾನೆ: ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನರು ಹತರಾದರು, ಅದರ ಹಲವು ಪಟ್ಟು ಜನರು ಬೇರೆ ರೀತಿಯಲ್ಲಿ ಸತ್ತರು. ಜಗತ್ತಿನ ಅರಸರು ಗೆಲವಿನ ಶಾಸನಗಳಲ್ಲಿ ಹೆಣಗಳ ಸಂಖ್ಯೆಯನ್ನು ಹೆಚ್ಚಿಸಿ ಬರೆದದ್ದು ಪೌರುಷದ ಗುರುತಿಗಾಗಿ. ಈತನು ಬರೆಯಿಸಿದುದು ತನ್ನ ಪಶ್ಚಾತ್ತಾಪದ ಕಾರಣವೆಂದು. ಸತ್ತವರ ಮಾತು ಹಾಗಿರಲಿ, ಬದುಕುಳಿದ ಸಜ್ಜನ ಗೃಹಸ್ಥರು ಸಹ ತಮ್ಮ ಬಂಧುಮಿತ್ರರ ದುಃಖದಿಂದ ಬೇಯುವರೆಂಬುದನ್ನು ಆತನು ವಿಶೇಷವಾಗಿ ಎತ್ತಿ ಹೇಳಿದ್ದಾನೆ.

ಯುದ್ಧಭೂಮಿಯಲ್ಲಿ ನಿಂತೊಡನೆಯೇ ಆತನ ಮನಸ್ಸು ಪೂರ್ತಿಯಾಗಿ ಮಾರ್ಪಟ್ಟಿತೆಂದು ಪಾಠಪುಸ್ತಕಗಳು ಹೇಳುತ್ತವೆ. ಕೊಪ್ಪಳ, ಮಸ್ಕಿ, ಬ್ರಹ್ಮಗಿರಿಗಳ ಶಾಸನಗಳು ಹೇಳುವ ಸಂಗತಿ ಅಷ್ಟು ನಾಟಕೀಯವಲ್ಲ. ಆದರೆ ಹೆಚ್ಚು ನಂಬತಕ್ಕದ್ದು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು, ಮೊದಲಲ್ಲಿ ಒಂದು ವರ್ಷ ಹೆಚ್ಚಿನ ಶ್ರಮವನ್ನೇನೂ ಪಡಲಿಲ್ಲ, ಸಂಘದ ಹತ್ತಿರ ಬಂದ ಈ ಒಂದು ವರ್ಷದಿಂದೀಚೆಗೆ ಮಾತ್ರ ಶ್ರಮಿಸುತ್ತಿದ್ದೇನೆ ಎಂದು ಆತನು ತೆರೆದ ಮನಸ್ಸಿನಿಂದ ಒಪ್ಪಿಕೊಂಡಿದ್ದಾನೆ. ದೊಡ್ಡವರು ಮಾತ್ರವಲ್ಲ, ಸಾಮಾನ್ಯನೂ ಶ್ರಮಿಸಿದರೆ ಮೇಲಾದ ಸ್ಥಿತಿಯನ್ನು ಪಡೆಯಬಲ್ಲನೆಂಬುದು ಆ ಶಾಸನದ ತಿರುಳು. ಚಕ್ರವರ್ತಿಯೊಬ್ಬನು ತನ್ನ ಸೋಮಾರಿತನವನ್ನು ರಾಜ್ಯದ ಬಂಡೆಗಳ ಮೇಲೆ ಕೊರೆಯಿಸಿದ ಉದಾಹರಣೆ ಬೇರೆ ಎಷ್ಟಿವೆಯೋ!

ಇನ್ನು ಆತನ ಆಡಳಿತ. ಆಸ್ಥಾನದ ಅಡುಗೆಮನೆಗೆ ಹಿಂದೆ ದಿನವೂ ಕೊಲ್ಲುತ್ತಿದ್ದ ಲೆಕ್ಕವಿಲ್ಲದ ಪ್ರಾಣಿಗಳನ್ನು ನಿಲ್ಲಿಸಿ, ಎರಡು ನವಿಲು, ಒಂದು ಜಿಂಕೆ, ಅದರಲ್ಲಿಯೂ ಜಿಂಕೆ ದಿನವೂ ಅಲ್ಲ, ಎಂಬಷ್ಟಕ್ಕೆ ಇಳಿಸಿದನು. ಮುಂದೆ ಅವನ್ನೂ ಬಿಡುವೆನೆಂದನು. ಬೇಟೆಯ ಯಾತ್ರೆಗಳನ್ನು ಬಿಟ್ಟು ಧರ್ಮಯಾತ್ರೆಗಳನ್ನು ಕೈಗೊಂಡನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧದ ಗಿಡಮೂಲಿಕೆಗಳನ್ನು ತರಿಸಿ ನೆಡಿಸುವುದು, ದಾರಿಯ ಮಗ್ಗುಲಲ್ಲಿ ಆಲದ ಮರ, ಮಾವಿನ ತೋಪು, ಬಾವಿ, ಅರವಟಿಗೆ ಇವೆಲ್ಲವೂ ನಡೆದುವು. ಬುದ್ಧನು ಹುಟ್ಟಿದ ಲುಂಬಿನಿಗೆ ಅಭಿಷೇಕದ ಇಪ್ಪತ್ತನೆಯ ವರ್ಷದ ನಂತರ ಹೋಗಿ, ಆ ಹಳ್ಳಿಗೆ ಬಲಿಯೆಂಬ ತೆರಿಗೆಯನ್ನು ಬಿಟ್ಟು, ಬೆಳೆಯ ಪಾಲನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದನು. ತೆರಿಗೆಯನ್ನು ಇಳಿಸಿದುದು ಆ ಪುಣ್ಯಕ್ಷೇತ್ರಕ್ಕೆ ಎಂಬುದನ್ನು ಗಮನಿಸಬೇಕು. ರಾಜ್ಯದ ಉಳಿದ ಹಳ್ಳಿಗಳಿಗೆ ಅಂಥ ಬಿಡುಗಡೆಯನ್ನು ಕೊಟ್ಟ ಶಾಸನ ಯಾವುದೂ ಇಲ್ಲ.

ಆತನ ಧರ್ಮವು ಒಂದೇ ಪಂಥದ ಸೊತ್ತಾಗಿರಲಿಲ್ಲ. ತಾಯಿತಂದೆಗಳ ಸೇವೆ, ಆಳು ಹೋಳುಗಳಲ್ಲಿ ದಯೆ, ಬ್ರಾಹ್ಮಣ ಶ್ರಮಣರಿಗೆ ದಾನ, ಪ್ರಾಣಿಗಳನ್ನು ಹಿಂಸಿಸದಿರುವುದು, ಪರರ ಮತವನ್ನು ಹಳಿಯದಿರುವುದು ಇವೇ ಅದರ ಅಂಗಗಳು. ಬೌದ್ಧನಾದ ತಾನು ಬೌದ್ಧರಲ್ಲದ ಆಜೀವಿಕರಿಗೆ ಗಯೆಯ ಸಮೀಪದ ಬರಾಬರ್ ಬೆಟ್ಟದಲ್ಲಿ ಕನ್ನಡಿಯಂತೆ ನುಣುಪಾದ ಗವಿಗಳನ್ನು ಕೊರೆಯಿಸಿ ಕೊಟ್ಟನು.

ಈ ಧರ್ಮವನ್ನು ಜನರಿಗೆ ಮುಟ್ಟಿಸುವ ಬಗೆಯು ಕನ್ನಡ ನಾಡಿನ ಶಾಸನಗಳಲ್ಲಿ ಕಣ್ಣಿಗೆ ಕಟ್ಟುವಂತಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರು ಕಡೆಯ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಅವುಗಳ ಪ್ರಕಾರ ಸುವರ್ಣಗಿರಿಯೆಂಬ ಪಟ್ಟಣದಲ್ಲಿ ಅರಸುಮಗನೊಬ್ಬನೂ ಮಹಾಮಾತ್ರರೂ ಇದ್ದರು; ಅವರ ಮೂಲಕ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಅಪ್ಪಣೆ ಬಂದಿತು. ಆರಂಭದಲ್ಲಿ ಆರೋಗ್ಯವನ್ನು ಕೇಳುವ ಮರ್ಯಾದೆಯೂ ಉಂಟು. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಆತನು ಲಿಪಿಕಾರನೆಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿಯು ವಾಯವ್ಯದ ಗಾಂಧಾರದ ಕಡೆಯದು. ಆ ಕಡೆಯ ವಿದ್ಯೆಯನ್ನು ಬಲ್ಲ ಬರವಣಿಗೆಯವನೊಬ್ಬನು ಮೊಳಕಾಲ್ಮೂರಿನ ಕಲ್ಲುಗುಡ್ಡಗಳ ನಡುವೆ ಕುಳಿತು ಮಗಧದ ಅರಸನ ಮಾತನ್ನು ಬರೆದನೆಂದರೆ, ಸಾಮ್ರಾಜ್ಯವೆಂಬುದರ ವಿಸ್ತಾರವು ಎಷ್ಟೆಂದು ಯಾವ ಭೂಪಟಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಹಳ್ಳಿಗಳಲ್ಲಿ ಓದು ಬಲ್ಲವರು ವಿರಳ. ಆದುದರಿಂದ ರಜ್ಜುಕರೆಂಬ ಅಧಿಕಾರಿಗಳು ಭೇರಿಯನ್ನು ಬಾರಿಸಿ ಜನರನ್ನು ಕೂಡಿಸಿ ತಿಳಿಸಬೇಕೆಂದು ಆಂಧ್ರದ ಎರ್ರಗುಡಿಯ ಶಾಸನವು ವಿಧಿಸುತ್ತದೆ. ಕಂದಹಾರದಲ್ಲಿ ೧೯೫೮ರಲ್ಲಿ ದೊರೆತ ಶಾಸನವು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ; ಅಲ್ಲಿಯ ಜನರ ಮಾತು ಅವು.

ಅಧಿಕಾರಿಗಳು ಊಟದ ಹೊತ್ತಿನಲ್ಲಾಗಲಿ ಅಂತಃಪುರದಲ್ಲಾಗಲಿ ಉದ್ಯಾನದಲ್ಲಾಗಲಿ ಬಂದು ಪ್ರಜೆಗಳ ಕಾರ್ಯವನ್ನು ತನಗೆ ಅರಿಕೆ ಮಾಡಬಹುದೆಂದು ಅಶೋಕನು ಅಪ್ಪಣೆಯಿತ್ತನು. ಎಷ್ಟು ದುಡಿದರೂ ತನಗೆ ತೃಪ್ತಿಯಿಲ್ಲವೆಂದನು. ದೊರೆತನವನ್ನು ಆತನು ಭೋಗವೆಂದಲ್ಲ, ಕಾಯಕವೆಂದೇ ಎಣಿಸಿದ್ದನೆನ್ನಬೇಕು. ಅಭಿಷೇಕವಾಗಿ ಹದಿಮೂರು ವರ್ಷಗಳಾದಾಗ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿವರ್ಗವನ್ನೇ ಸ್ಥಾಪಿಸಿದನು. ಇಪ್ಪತ್ತಾರನೆಯ ವರ್ಷದ ನಂತರ ಕಂಬಗಳ ಮೇಲೆ ಬರೆಯಿಸಿದ ಶಾಸನಗಳಲ್ಲಿ ವ್ಯವಹಾರದಲ್ಲಿಯೂ ದಂಡನೆಯಲ್ಲಿಯೂ ಸಮತೆಯಿರಬೇಕೆಂದನು. ಮರಣದಂಡನೆಗೆ ಗುರಿಯಾದವನಿಗೆ ಮೂರು ದಿನಗಳ ಗಡುವನ್ನು ಕೊಡಿಸಿದನು. ದಂಡನೆಯನ್ನು ರದ್ದು ಮಾಡಲಿಲ್ಲ. ಕಾಡಿನ ಜನರಿಗೂ, ಪಶ್ಚಾತ್ತಾಪದ ನಡುವೆಯೂ ತನಗೆ ಶಿಕ್ಷಿಸುವ ಶಕ್ತಿಯಿದೆಯೆಂಬ ಎಚ್ಚರಿಕೆಯನ್ನು ಕೊಟ್ಟನು. ಸೆರೆಹಿಡಿದ ಕಳಿಂಗದ ಜನರನ್ನು ಮರಳಿ ಕಳುಹಿಸಿದನೆಂಬ ಮಾತು ಎಲ್ಲಿಯೂ ಇಲ್ಲ. ಕಳಿಂಗವನ್ನು ಬಿಟ್ಟುಕೊಡಲೂ ಇಲ್ಲ. ಅಷ್ಟೇ ಅಲ್ಲ, ಪಶ್ಚಾತ್ತಾಪದ ಆ ಹದಿಮೂರನೆಯ ಶಾಸನವನ್ನು ಕಳಿಂಗದಲ್ಲಿಯೇ, ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ, ಬರೆಯಿಸದೆ ಬಿಟ್ಟನು.

ಅಲ್ಲಿ ಬರೆಯಿಸಿದುದು ಬೇರೆಯೇ ಮಾತು. ಎಲ್ಲ ಪ್ರಜೆಗಳೂ ತನ್ನ ಮಕ್ಕಳೆಂದು ಹೇಳಿ, ನಗರದ ನ್ಯಾಯಾಧಿಕಾರಿಗಳು ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸಿಸಬಾರದು, ಅಸೂಯೆ, ಕೋಪ, ಆತುರ, ಆಲಸ್ಯಗಳಿಂದ ನ್ಯಾಯವನ್ನು ಕೆಡಿಸಬಾರದು ಎಂದು ಕಟ್ಟಪ್ಪಣೆ. ಇದನ್ನು ಪರೀಕ್ಷಿಸಲು ಐದು ವರ್ಷಕ್ಕೊಮ್ಮೆ ಮೃದುಸ್ವಭಾವದ ಅಧಿಕಾರಿಯೊಬ್ಬನು ಬರುವನು. ಉಜ್ಜಯಿನಿ, ತಕ್ಷಶಿಲೆಗಳಿಂದ ಮೂರು ವರ್ಷಕ್ಕೊಮ್ಮೆ. ಇದೇ ಅಪ್ಪಣೆಯು ಭೀಮಾತೀರದ ಸನ್ನತಿಯಲ್ಲಿಯೂ ಇದ್ದಿತೆಂದು ತಿಳಿದುದು ೧೯೮೬ರಲ್ಲಿ. ಚಂದ್ರಲಾಂಬಾ ಕ್ಷೇತ್ರದ ಗುಡಿಯೊಂದರ ಮಾಡು ಕುಸಿದಾಗ ಕಾಳಿಯ ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ತಕ್ಷಶಿಲೆಯ ದಂಗೆಯ ಕಥೆಯನ್ನು ಈಗ ವಾಚಕರು ನೆನೆಯಲಿ. ತರುಣನಾಗಿದ್ದಾಗ ದುಷ್ಟ ಅಮಾತ್ಯರ ವಿಷಯವನ್ನು ಕೇಳಿದವನು, ಚಕ್ರವರ್ತಿಯಾಗಿ ಅದೇ ರೋಗಕ್ಕೆ ಔಷಧವನ್ನು ಹುಡುಕುತ್ತಿದ್ದಾನೆ. ಆತನಿಗೆ ದೊರೆತ ಔಷಧವೆಂದರೆ ಅಧಿಕಾರಿಯ ಮೇಲೆ ಇನ್ನೊಬ್ಬ ಅಧಿಕಾರಿ. ಎಲ್ಲರ ಮೇಲೆ ನಿದ್ರೆಗೆಟ್ಟು ಕುಳಿತ ತಾನು.

ಕಂಬದ ಶಾಸನಗಳ ನಂತರದ ಹತ್ತು ವರ್ಷಗಳಲ್ಲಿ ಚಕ್ರವರ್ತಿಯ ಮಾತು ನಮಗೆ ಬಹುಮಟ್ಟಿಗೆ ಕೇಳಿಸುವುದಿಲ್ಲ. ಕಥೆಗಳು ಮಾತ್ರ ಉಳಿದಿವೆ. ಮಗ ಕುಣಾಲನ ಕಣ್ಣುಗಳನ್ನು ರಾಣಿ ತಿಷ್ಯರಕ್ಷಿತೆಯು ಕೀಳಿಸಿದಳೆಂಬುದೊಂದು. ಇನ್ನೊಂದು ಕಡೆಗಾಲದ ಕಥೆ. ಸಂಘಕ್ಕೆ ನೂರು ಕೋಟಿ ದಾನ ಮಾಡುವ ಸಂಕಲ್ಪ ಮಾಡಿದ್ದ ಮುದುಕ ಅರಸನು ತೊಂಬತ್ತಾರು ಕೋಟಿ ಕೊಟ್ಟಾಗ, ಭಂಡಾರ ಬರಿದಾಗುವುದೆಂದು ಹೆದರಿದ ಮಂತ್ರಿಗಳು ಯುವರಾಜನಿಗೆ ಹೇಳಿ ದಾನವನ್ನು ತಡೆಯಿಸಿದರು. ಅರಸನು ಉಣ್ಣುವ ಚಿನ್ನದ ತಟ್ಟೆಯನ್ನು ಕೊಟ್ಟನು. ಬೆಳ್ಳಿಯ ತಟ್ಟೆ ಬಂದಿತು. ಅದನ್ನೂ ಕೊಟ್ಟನು, ಕಬ್ಬಿಣದ್ದು ಬಂದಿತು. ಕಡೆಗೆ ಮಣ್ಣಿನದು. ಕೊನೆಯಲ್ಲಿ ಆತನ ಕೈಯಲ್ಲಿ ಉಳಿದುದು ಅರ್ಧ ನೆಲ್ಲಿಕಾಯಿ. ಅದನ್ನೂ ಸಂಘಕ್ಕೆ ಕಳುಹಿಸಿದನು; ಭಿಕ್ಷುಗಳು ಅದನ್ನು ಅರೆದು ಸಾರಿನಲ್ಲಿ ಬೆರೆಸಿ ಎಲ್ಲರೂ ಹಂಚಿಕೊಂಡರು. ಸಾಯುವ ಮುನ್ನ ಭಂಡಾರವೊಂದನ್ನುಳಿದು ಇಡೀ ಭೂಮಿಯನ್ನೇ ಸಂಘಕ್ಕೆ ಕೊಟ್ಟುಬಿಟ್ಟನಂತೆ. ಮಂತ್ರಿಗಳು ಉಳಿದ ನಾಲ್ಕು ಕೋಟಿ ತೆತ್ತು ಅದನ್ನು ಬಿಡಿಸಿಕೊಂಡ ಮೇಲೆಯೇ ಮುಂದಿನವನಿಗೆ ಪಟ್ಟವಾಯಿತು. ಇದು ಚರಿತ್ರೆಯಲ್ಲ, ಭಕ್ತರು ಕಟ್ಟಿದ ಕಥೆ. ಆದರೂ ದಾನಿಯ ಸಂಕಲ್ಪಕ್ಕೂ ಭಂಡಾರದ ಲೆಕ್ಕಕ್ಕೂ ಒಂದು ದಿನ ಜಗಳ ಬಿದ್ದೇ ಬೀಳುವುದೆಂಬುದನ್ನು ಕಟ್ಟಿದವರು ಬಲ್ಲವರಾಗಿದ್ದರು. ಅಶೋಕನು ಕಾಲವಾದುದು ಸುಮಾರು ಕ್ರಿ. ಪೂ. ೨೩೨ರಲ್ಲಿ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಮೊಮ್ಮಗ ದಶರಥನು ಅಜ್ಜನಂತೆಯೇ ಆಜೀವಿಕರಿಗೆ ನಾಗಾರ್ಜುನೀ ಬೆಟ್ಟದಲ್ಲಿ ಗವಿಗಳನ್ನು ಕೊಟ್ಟನು. ಸಂಪ್ರತಿಯನ್ನು ಜೈನರು ಕೊಂಡಾಡುತ್ತಾರೆ. ರಾಜರ ಹೆಸರುಗಳು ಒಂದು ಪುರಾಣದಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಕ್ರಿ. ಪೂ. ೨೦೬ರ ಸುಮಾರಿಗೆ ಗ್ರೀಕ್ ದೊರೆ ಮೂರನೆಯ ಆಂಟಿಯೋಕಸನು ಹಿಂದೂಕುಶವನ್ನು ದಾಟಿ ಬಂದಾಗ ಆನೆಗಳನ್ನು ಕೊಟ್ಟು ಸ್ನೇಹವನ್ನು ನವೀಕರಿಸಿದವನು ಸುಭಾಗಸೇನನೆಂಬ ಅಲ್ಲಿಯ ಅರಸು. ಪಾಟಲಿಪುತ್ರದ ಮಾತೇ ಅಲ್ಲಿ ಬರುವುದಿಲ್ಲ. ಸುಮಾರು ಕ್ರಿ. ಪೂ. ೧೮೫ರಲ್ಲಿ ಕೊನೆಯ ಮೌರ್ಯನಾದ ಬೃಹದ್ರಥನು ಸೈನ್ಯವನ್ನು ನೋಡುತ್ತಿದ್ದಾಗ ಆತನ ಸೇನಾಪತಿಯಾದ ಪುಷ್ಯಮಿತ್ರನೇ ಆತನನ್ನು ಕೊಂದನು. ಪುರಾಣಗಳು ಮೌರ್ಯರಿಗೆ ಕೊಡುವ ಒಟ್ಟು ಆಳಿಕೆ ೧೩೭ ವರ್ಷ.

ಇದಕ್ಕೆ ಕಾರಣವೇನು? ಅಶೋಕನ ನೀತಿಯಿಂದ ಬ್ರಾಹ್ಮಣರು ಮುನಿದರೆಂದು ಹರಪ್ರಸಾದ ಶಾಸ್ತ್ರಿಗಳು ವಾದಿಸಿದರು. ಅದನ್ನು ಖಂಡಿಸಿದ ಹೇಮಚಂದ್ರ ರಾಯಚೌಧುರಿಯವರು, ಅಹಿಂಸೆಯ ಬೋಧೆಯಿಂದ ಕತ್ತಿಗೆ ತುಕ್ಕು ಹಿಡಿಯಿತೆಂಬ ಅಭಿಪ್ರಾಯವನ್ನು ಮುಂದಿಟ್ಟರು. ನಾಣ್ಯಗಳ ಬೆಳ್ಳಿ ಕಡಮೆಯಾದುದನ್ನು ತೋರಿಸಿ ಭಂಡಾರದ ಬಡತನವನ್ನು ಎತ್ತಿ ಹೇಳಿದವರು ಡಿ. ಡಿ. ಕೋಸಂಬಿಯವರು. ಮರಣದಂಡನೆಯನ್ನೂ ಕಳಿಂಗವನ್ನೂ ಕೈಬಿಡದ, ಕಾಡಿನವರನ್ನು ಎಚ್ಚರಿಸಿದ ಅರಸನನ್ನು ಕತ್ತಿ ಮರೆತವನೆನ್ನುವುದು ನಮಗೆ ಸರಿತೋರುವುದಿಲ್ಲ. ಅಧಿಕಾರಿಗಳ ನಿಷ್ಠೆಯು ರಾಜ್ಯದ ಮೇಲಿರದೆ ರಾಜನ ಮೇಲಿದ್ದಿತೆಂದೂ, ರಾಜನು ಬದಲಾದಂತೆ ಅವರೂ ಬದಲಾಗುತ್ತಿದ್ದರೆಂದೂ ರೊಮಿಲಾ ಥಾಪರ್ ಅವರು ೧೯೬೧ರಲ್ಲಿ ಮಂಡಿಸಿದ ವಾದವು ಶಾಸನಗಳಿಗೆ ಹೆಚ್ಚು ಹೊಂದುತ್ತದೆ. ಊಟದ ನಡುವೆ ಎದ್ದುಬಂದು ದೂರು ಕೇಳುವ ಅರಸನು ಇದ್ದಷ್ಟು ದಿನ ಇಸಿಲದ ಮಹಾಮಾತ್ರನು ಎಚ್ಚರವಾಗಿದ್ದಾನು. ಕೇಳುವವನಿಲ್ಲದ ದಿನ ಅವನನ್ನು ತಡೆಯುವ ಸಭೆಯಾಗಲಿ ಸಂಸ್ಥೆಯಾಗಲಿ ಇದ್ದ ಕುರುಹು ಅಶೋಕನ ಶಾಸನಗಳಲ್ಲಿ ಕಾಣದು. ಅದರ ಮೇಲೆ, ಹೊಸ ನಾಡುಗಳನ್ನು ಗೆದ್ದು ತರುವ ಸಂಪತ್ತು ಕಳಿಂಗದೊಡನೆ ನಿಂತಿತು. ಸೈನ್ಯ, ಅಧಿಕಾರಿಗಳು, ದಾನಧರ್ಮ ಇವುಗಳ ವೆಚ್ಚ ನಿಲ್ಲಲಿಲ್ಲ.

ಅಶೋಕನ ಲಿಪಿಯನ್ನು ಸಹ ದೇಶವು ಮರೆಯಿತು. ಫಿರೋಜ್ ಷಾ ತುಘಲಕನು ಹದಿನಾಲ್ಕನೆಯ ಶತಮಾನದಲ್ಲಿ ಆತನ ಎರಡು ಕಂಬಗಳನ್ನು ದೆಹಲಿಗೆ ಸಾಗಿಸಿದಾಗ ಅವನ್ನು ಓದಬಲ್ಲವರು ಯಾರೂ ಇರಲಿಲ್ಲ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದನು. ಆದರೆ ಶಾಸನಗಳಲ್ಲಿ ಇದ್ದುದು ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ಬಿರುದು. ಆತನೇ ಅಶೋಕನೆಂದು ಸಿಂಹಳದ ಗ್ರಂಥಗಳಿಂದ ಊಹಿಸಬೇಕಾಯಿತು. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಇಂಜಿನಿಯರನೊಬ್ಬನಿಗೆ ಸಿಕ್ಕ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ಇದ್ದಿತು. ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಡನೆ ನಿಂತ ಅರಸನ ಶಿಲ್ಪವೊಂದು ದೊರೆತಿದೆ. ಅದರ ಮೇಲೆ ಈತನೇ ಅಶೋಕ ರಾಜನೆಂದು ಬ್ರಾಹ್ಮಿಯಲ್ಲಿ ಬರೆದಿದೆ. ಮೌರ್ಯರು ಅಳಿದು ಶತಮಾನಗಳಾದ ಮೇಲೆ ನಮ್ಮ ನಾಡಿನ ಶಿಲ್ಪಿಗಳು ಕೆತ್ತಿದುದು ಅದು.

ಕಳಿಂಗದವರು ಮಾತ್ರ ಬೇರೊಂದನ್ನು ಕೆತ್ತಿದರು. ಧೌಲಿಯ ಬಂಡೆಯಿಂದ ಹೆಚ್ಚು ದೂರವಿಲ್ಲದ ಉದಯಗಿರಿಯ ಹಾಥೀಗುಂಫಾ ಗವಿಯಲ್ಲಿ ಕಳಿಂಗದ ಅರಸನಾದ ಖಾರವೇಲನ ಶಾಸನವಿದೆ. ಅಶೋಕನ ಕಾಲದಿಂದ ಸುಮಾರು ಎರಡು ಶತಮಾನಗಳು ಕಳೆದಿದ್ದುವು. ಅಕ್ಷರಗಳು ಬಹಳ ಸವೆದಿವೆಯಾದರೂ ವಿದ್ವಾಂಸರು ಓದಿ ತಿಳಿಸಿರುವುದಿಷ್ಟು: ಖಾರವೇಲನು ಮಗಧದ ಜನರನ್ನು ನಡುಗಿಸಿ, ತನ್ನ ಆನೆಗಳಿಗೆ ಗಂಗೆಯಲ್ಲಿ ನೀರು ಕುಡಿಸಿ, ಮಗಧದ ಅರಸನಿಂದ ಕಾಲಿಗೆ ವಂದಿಸಿಕೊಂಡು, ಹಿಂದೆ ನಂದರು ಒಯ್ದಿದ್ದ ಜಿನವಿಗ್ರಹವನ್ನು ಊರಿಗೆ ಮರಳಿ ತಂದನು. ಆ ಶಾಸನದಲ್ಲಿ ನಂದರಾಜನ ಹೆಸರಿದೆ. ಅಶೋಕನ ಹೆಸರು ಇಲ್ಲ.